ಗಡ್ಡೆಯ ಚಿತ್ರ, ಗಡ್ಡೆಯ ಗುಣ

ಕೇಳುಗರಿಗೆ ನಮಸ್ಕಾರ. ಸ್ತನದ ಗಡ್ಡೆ ಕ್ಯಾನ್ಸರ್ ಎಂದು ಗೊತ್ತಾದೊಡನೆ ಮನೆಯವರು ಕೇಳುವುದು, ಅದು ಎಷ್ಟು ದೊಡ್ಡದಿದೆ ಎಂದು. ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: ಅದರ ಜೀವಕೋಶಗಳಲ್ಲಿ ಯಾವ ಗ್ರಾಹಕಗಳಿವೆ, ಅಂದರೆ ಬೆಳೆಯೆಂಬ ಸಂಕೇತವನ್ನು ಹಿಡಿದುಕೊಳ್ಳುವ ಯಾವ ಪ್ರೋಟೀನ್‌ಗಳಿವೆ? ಈಸ್ಟ್ರೋಜನ್ ಎಂಬ ಹಾರ್ಮೋನಿನ ಗ್ರಾಹಕವಿದ್ದರೆ ಟಾಮಾಕ್ಸಿಫೆನ್‌ನಂಥ ಮಾತ್ರೆ ಕೆಲಸ ಮಾಡುತ್ತದೆ. ಹರ್-2 ಎಂಬ ಗ್ರಾಹಕ ಹೆಚ್ಚಾಗಿದ್ದರೆ ಟ್ರಾಸ್ಟುಜುಮಾಬ್ ಎಂಬ ಚುಚ್ಚುಮದ್ದು. ಪ್ರೊಜೆಸ್ಟರಾನ್ ಹಾರ್ಮೋನಿನ ಗ್ರಾಹಕವೂ ಸೇರಿ ಮೂರೂ ಇಲ್ಲದಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ. ಈ ವಿಷಯದಲ್ಲಿ ಎಂಆರ್‌ಐ ಚಿತ್ರ ಅನುಮಾನ ಹುಟ್ಟಿಸಬಲ್ಲದು, ತೀರ್ಪು ಕೊಡಲಾರದು. ತೀರ್ಪು ಸೂಜಿಯಿಂದ ತೆಗೆದ ಚೂರಿನದು, ಅಂದರೆ ಬಯಾಪ್ಸಿಯದು.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿಯ ವರದಿಯಲ್ಲಿ ಮೂರೂ ಗ್ರಾಹಕಗಳು ಇಲ್ಲವೆಂದು ಬರೆದಿತ್ತು. ಅವರ ಎಂಆರ್‌ಐ ನೋಡುತ್ತಾ ಕುಳಿತ ನನಗೆ ಅದು ಒಪ್ಪಿಗೆಯಾಗಲಿಲ್ಲ. ಅಂಥ ಗಡ್ಡೆ ಸಾಮಾನ್ಯವಾಗಿ ದುಂಡಗೆ, ನುಣ್ಣಗಿದ್ದು, ಚಿತ್ರದಲ್ಲಿ ಗಡ್ಡೆ ಎದ್ದು ಕಾಣಲೆಂದು ಗ್ಯಾಡೋಲಿನಿಯಮ್ ಚುಚ್ಚುಮದ್ದು ಕೊಟ್ಟಾಗ ಅಂಚು ಮಾತ್ರ ಬಳೆಯಂತೆ ಬೆಳಗುತ್ತದೆ. ಇಲ್ಲಿಯೋ, ನೆಗ್ಗಿಲ ಮುಳ್ಳಿನಂತೆ ಸುತ್ತಲೂ ಚಾಚಿಕೊಂಡ ಅಂಚು. ಚೂರನ್ನು ಪ್ರಯೋಗಾಲಯಕ್ಕೆ ತಂದವರು ಯಾರೆಂದು ವಿಚಾರಿಸಿದೆ. “ನಾನೇ ಸಾರ್, ರಾತ್ರಿ ಬಸ್ಸಿನಲ್ಲಿ ತಂದೆ” ಎಂದ ಮಗ. ಬಾಟಲಿಯಿಂದ ಮೂಗಿಗೆ ಬಡಿಯುವಂಥ ವಾಸನೆ ಬರುತ್ತಿತ್ತೇ ಎಂದರೆ, “ಇಲ್ಲ ಸಾರ್, ಮುಚ್ಚಳ ಸಡಿಲವಾಗಿ ಅಂಗಿಗೂ ಚೆಲ್ಲಿತ್ತು, ಬರೀ ನೀರು” ಎಂದ. ಚೂರು ಕೆಡದಂತೆ ಕಾಯುವ, ಘಾಟು ವಾಸನೆಯ ದ್ರವವಾದ ಫಾರ್ಮಲಿನ್‌ಗೆ ತೆಗೆದ 1 ಗಂಟೆಯೊಳಗೆ ಬೀಳಬೇಕಾಗಿದ್ದದ್ದು ರಾತ್ರಿಯಿಡೀ ಸಲೈನ್‌ನಲ್ಲಿ, ಅಂದರೆ ಉಪ್ಪುನೀರಿನಲ್ಲಿ, ಪ್ರಯಾಣ ಮಾಡಿತ್ತು! ಹಾಗೆ ಕೆಟ್ಟ ಚೂರಿನಲ್ಲಿ, ಇರುವ ಗ್ರಾಹಕವೂ ಪರೀಕ್ಷೆಗೆ ಕಾಣದೆ ಹೋಗಬಹುದು. ಇನ್ನೊಮ್ಮೆ ಚುಚ್ಚಬೇಕೆಂದಾಗ ಆ ತಾಯಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಕೊನೆಗೆ ಒಪ್ಪಿದರು. ನೂರಕ್ಕೆ 1 ಕೋಶ ಬಣ್ಣ ಹಿಡಿದರೂ ಈಸ್ಟ್ರೋಜನ್ ಗ್ರಾಹಕ ಇದೆಯೆಂದು ಬರೆಯುವ ಪರೀಕ್ಷೆಯಲ್ಲಿ, ಈ ಸಲ ಹೆಚ್ಚುಕಡಿಮೆ ಎಲ್ಲ ಕೋಶಗಳೂ ಕಂದು ಬಣ್ಣಕ್ಕೆ ತಿರುಗಿದ್ದವು.

ಅಂದು ನನ್ನ ಕಣ್ಣು ಮಾಡಿದ ಕೆಲಸವನ್ನು ರೇಡಿಯೋಮಿಕ್ಸ್ ಎಂಬ ವಿಧಾನ ಅಂಕಿಗಳಲ್ಲಿ ಮಾಡುತ್ತದೆ. ಚಿತ್ರದಲ್ಲಿ ಗಡ್ಡೆಯ ಸುತ್ತ ಗೆರೆ ಎಳೆದುಕೊಟ್ಟರೆ, ಆಕಾರ, ಅಂಚು, ಒಳಗಿನ ಕಪ್ಪು ಬಿಳುಪಿನ ಹರವು, ಗ್ಯಾಡೋಲಿನಿಯಮ್ ಎಷ್ಟು ಬೇಗ ಏರಿ ಇಳಿಯಿತು ಎಂಬಂಥ ನೂರಾರು ಅಳತೆಗಳನ್ನು ಗಣಕಯಂತ್ರ ತೆಗೆದು, ಬಯಾಪ್ಸಿ ಫಲಿತಾಂಶ ತಿಳಿದಿರುವ ಹಳೆಯ ರೋಗಿಗಳ ಅಳತೆಗಳಿಂದ ತಾನು ಕಲಿತದ್ದರ ಮೇಲೆ, ಇಂಥ ಗ್ರಾಹಕ ಇರುವ ಸಂಭವ ಎಷ್ಟೆಂದು ಅಂದಾಜು ಹೇಳುತ್ತದೆ. ಸೂಜಿಗೆ ಸಿಗುವುದು ಕಡ್ಡಿಯಷ್ಟು ಚೂರು, ಚಿತ್ರದಲ್ಲಿರುವುದು ಇಡೀ ಗಡ್ಡೆ. ನನ್ನ ಉತ್ಸಾಹಕ್ಕೆ ಕಾರಣ ಇದೇ.

“ಹಾಗಾದರೆ ಇನ್ನು ಸೂಜಿ ಬೇಡವಲ್ಲ ಡಾಕ್ಟ್ರೇ?” ಎಂಬ ಪ್ರಶ್ನೆಗೆ ಉತ್ತರಿಸಿ ಸಾಕಾಗಿದೆ. ಬೇಕು. ಒಂದು ಯಂತ್ರದ ಚಿತ್ರಗಳಿಂದ ಕಲಿತ ಲೆಕ್ಕ ಇನ್ನೊಂದು ಯಂತ್ರದ ಚಿತ್ರದಲ್ಲಿ ತಪ್ಪಬಹುದು; ತೀರ್ಪು ಬಯಾಪ್ಸಿಯದೇ. ಆ ಚೂರನ್ನು ನಿಮ್ಮ ಕೈಗೆ ಕೊಟ್ಟು ಕಳಿಸಿದರೆ, ಬಾಟಲಿಯಲ್ಲಿರುವುದು ಫಾರ್ಮಲಿನ್ ತಾನೇ ಎಂದು ದಯವಿಟ್ಟು ಕೇಳಿಕೊಂಡು ಹೊರಡಿ. ನಮಸ್ಕಾರ.