ಸಂಜೆ ಐದರ ಕಾಫಿ, ರಾತ್ರಿ ಮೂರರ ಎಚ್ಚರ

ಎಲ್ಲರಿಗೂ ನಮಸ್ಕಾರ.

ಕೊಡಗಿನ ಗೋಣಿಕೊಪ್ಪದಲ್ಲಿ ನಿಂತು ಕಾಫಿಯ ಮೇಲೆ ದೂರು ಹೇಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಇಲ್ಲಿ ಕೂತಿರುವ ಎಷ್ಟೋ ಜನರ ಮನೆ ನಡೆಯುವುದೇ ಅದರಿಂದ. ಆದರೆ ನಿದ್ದೆಯ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಕಾಫಿಯನ್ನು ಬಿಟ್ಟು ಅದನ್ನು ಮಾತಾಡಲು ಆಗುವುದಿಲ್ಲ. ನಿದ್ದೆ ಬರದವರು ದಿಂಬು ಬದಲಿಸುತ್ತಾರೆ, ಹಾಸಿಗೆ ಬದಲಿಸುತ್ತಾರೆ. ರಾತ್ರಿಯ ನಿದ್ದೆ ಬಹುಪಾಲು ತೀರ್ಮಾನವಾಗುವುದು ಹಗಲಲ್ಲೇ ಅಂತ ಹೇಳಲು ಬಂದಿದ್ದೇನೆ.

ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ನರಕೋಶಗಳ ಮೇಲೆ ಅದಕ್ಕೆಂದೇ ಜಾಗಗಳಿವೆ. ಅಲ್ಲಿ ಅದು ಕೂತರೆ ನಮಗೆ ತೂಕಡಿಕೆ. ಕೆಫೀನಿನ ಆಕಾರವೂ ಹೆಚ್ಚುಕಡಿಮೆ ಹಾಗೇ ಇದೆ. ಬಸ್ಸಿನ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಕೆಫೀನ್ ಮಾಡುವುದು ಅದನ್ನೇ. ಅಡೆನೋಸಿನ್ ಎಲ್ಲಿಗೂ ಹೋಗಿಲ್ಲ, ಸೀಟು ಸಿಗದೆ ನಿಂತಿದೆ ಅಷ್ಟೇ. ಟವಲ್ ತೆಗೆದ ಕೂಡಲೇ ಎಲ್ಲಾ ಒಟ್ಟಿಗೆ ಬಂದು ಕೂರುತ್ತದೆ. ಆಗ ನಮಗೆ ಇನ್ನೊಂದು ಲೋಟ ಬೇಕೆನಿಸುತ್ತದೆ.

ಒಳಗೆ ಹೋದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಸಂಜೆ 5ಕ್ಕೆ ಕುಡಿದರೆ ರಾತ್ರಿ 10ಕ್ಕೆ ಅರ್ಧ, ಬೆಳಗಿನ ಜಾವ 3ಕ್ಕೆ ಕಾಲು ಭಾಗ ಇನ್ನೂ ಮೈಯಲ್ಲಿರುತ್ತದೆ. ಇದು ಸರಾಸರಿ ಲೆಕ್ಕ. ಬಸುರಿಯರಲ್ಲಿ ಇನ್ನೂ ನಿಧಾನ, ಬೀಡಿ ಸಿಗರೇಟು ಸೇದುವವರಲ್ಲಿ ಬೇಗ. ಅದಕ್ಕಾಗಿ ಸೇದಲು ಶುರು ಮಾಡಬೇಡಿ! ನಮ್ಮಲ್ಲಿ ಜಾಸ್ತಿ ಬೆಳೆಯುವುದು ರೊಬಸ್ಟಾ. ಅದರಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು ಇರುತ್ತದೆ. ಚಿಕೋರಿಯಲ್ಲಿ ಕೆಫೀನೇ ಇಲ್ಲ. ಹಾಗಾಗಿ ಚಿಕೋರಿ ಬೆರೆಸಿದ ಪುಡಿಗಿಂತ, ನೀವು ಹೆಮ್ಮೆಯಿಂದ ಕೊಡುವ ಅಪ್ಪಟ ಮನೆಪುಡಿಯ ಬೆಲ್ಲದ ಕಾಫಿಗೇ ಹೊಡೆತ ಜಾಸ್ತಿ.

"ನಾನು ಕಾಫಿ ಕುಡಿದೇ ಮಲಗುವುದು, ನನಗೇನೂ ಆಗಲ್ಲ" ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ, ಅಲ್ವಾ? ಅವರಿಗೆ ನಿದ್ದೆ ಹತ್ತುವುದು ನಿಜ ಇರಬಹುದು. ಆದರೆ ಆಳದ ನಿದ್ದೆ ಕಡಿಮೆಯಾಗಿರುತ್ತದೆ, ಅದು ಅವರಿಗೆ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಲಗುವ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಕೊಟ್ಟರು. ಅಷ್ಟು ಮೊದಲೇ ಕೊಟ್ಟರೂ ಒಂದು ಗಂಟೆಗಿಂತ ಜಾಸ್ತಿ ನಿದ್ದೆ ಹೋಯಿತು. 400 ಅಂದರೆ ಒಂದು ಲೋಟದ ಮಾತಲ್ಲ, ನಾಲ್ಕು ಲೋಟದ್ದು. ಆದರೂ ಮಧ್ಯಾಹ್ನ ಎರಡರ ನಂತರ ಕಾಫಿ ಬೇಡ ಅನ್ನುವುದು ನನ್ನ ಸಲಹೆ. ಸಂಜೆ ನೆಂಟರ ಮನೆಗೆ ಹೋದಾಗ ಬೇಡ ಅನ್ನುವುದು ಕಷ್ಟ, ಗೊತ್ತು. ಅರ್ಧ ಲೋಟ ಕೇಳಿ.

ಎರಡನೆಯದು ಬೆಳಕು. ಮಿದುಳಿನ ಬುಡದಲ್ಲಿ ಸುಮಾರು 20,000 ಕೋಶಗಳ ಒಂದು ಚಿಕ್ಕ ಗುಂಪು ನಮ್ಮ ದೇಹದ ಗಡಿಯಾರ. ಇಂಥ ಗಡಿಯಾರ ಜೀವಕೋಶದ ಒಳಗೆ ಹೇಗೆ ನಡೆಯುತ್ತದೆ ಎಂದು ತೋರಿಸಿದ ಹಾಲ್, ರೋಸ್‌ಬಾಶ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಅವರು ನೋಡಿದ್ದು ಹಣ್ಣಿನ ನೊಣವನ್ನು. ನಮ್ಮ ಗಡಿಯಾರವನ್ನು ದಿನವೂ ಸರಿಮಾಡುವುದು ಮುಖ್ಯವಾಗಿ ಬೆಳಗಿನ ಬೆಳಕು. ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲಿ ನಾವು ಬಾಗಿಲು ಹಾಕಿ, ಒಂದು ಬಲ್ಬಿನ ಕೆಳಗೆ ದಿನ ಕಳೆಯುತ್ತೇವೆ. ಗಡಿಯಾರಕ್ಕೆ ಹಗಲು ಯಾವುದು, ರಾತ್ರಿ ಯಾವುದು ಅಂತಲೇ ಸರಿಯಾಗಿ ಗೊತ್ತಾಗುವುದಿಲ್ಲ. ಮೋಡ ಕವಿದಿದ್ದರೂ ಹೊರಗಿನ ಬೆಳಕು ಕೋಣೆಯ ಬಲ್ಬಿಗಿಂತ ಎಷ್ಟೋ ಪಟ್ಟು ಜಾಸ್ತಿ. ಕಂಬಳಿ ಹೊದ್ದಾದರೂ ಸರಿ, ಬೆಳಗ್ಗೆ ಅರ್ಧ ಗಂಟೆ ಜಗಲಿಯಲ್ಲಿ ಕೂತುಕೊಳ್ಳಿ. ಆ ಹೊತ್ತಿನ ಕಾಫಿಗೆ ನನ್ನ ತಕರಾರಿಲ್ಲ.

ತೋಟದವರದು ಬೇರೆ ಕಷ್ಟ. ಕಾಫಿ ಹೂ ಅರಳಲೆಂದು ಸ್ಪ್ರಿಂಕ್ಲರ್ ಹಾಕುವ ದಿನಗಳಲ್ಲಿ ಕರೆಂಟು ಬರುವುದೇ ರಾತ್ರಿ. ಪಂಪಿನ ಹತ್ತಿರ ಎದ್ದು ಹೋಗಲೇಬೇಕು. ಆನೆ ಬಂದ ರಾತ್ರಿಯ ಕತೆ ಹೇಳುವುದೇ ಬೇಡ. ಹಾಗೆ ನಿದ್ದೆ ಕೆಟ್ಟ ಮರುದಿನ ಹತ್ತು ಗಂಟೆವರೆಗೆ ಮಲಗಬೇಡಿ. ಕಳೆದುಹೋದ ಗಂಟೆಗಳನ್ನೆಲ್ಲ ದೇಹ ವಾಪಸ್ ಕೇಳುವುದಿಲ್ಲ. ಮುಂದಿನ ರಾತ್ರಿ ಆಳದ ನಿದ್ದೆಯನ್ನು ಮೊದಲು ತುಂಬಿಸಿಕೊಳ್ಳುತ್ತದೆ. ಏಳುವ ಹೊತ್ತು ಆದಷ್ಟು ಅದೇ ಇರಲಿ. ತಡೆಯಲಾಗದಿದ್ದರೆ ಊಟದ ನಂತರ 20 ನಿಮಿಷ ಒರಗಿ, ಸಾಕು.

ಮಲಗಿ ನಿದ್ದೆ ಬರದಿದ್ದರೆ ಸುಮ್ನೆ ಹೊರಳಾಡಬೇಡಿ. ಎದ್ದು ಬೇರೆ ಕೋಣೆಯಲ್ಲಿ, ಮಂದ ಬೆಳಕಿನಲ್ಲಿ ಕೂತಿರಿ. ಕಣ್ಣು ಎಳೆದಾಗ ಮತ್ತೆ ಹೋಗಿ ಮಲಗಿ. ವಿಚಿತ್ರ ಅನಿಸಬಹುದು, ಆದರೆ ಹಳೆಯ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಈ ಬಗೆಯ ಅಭ್ಯಾಸದ ಚಿಕಿತ್ಸೆಯನ್ನೇ ವೈದ್ಯರು ಹೇಳುತ್ತಾರೆ.

ಒಂದು ಪೆಗ್ ಹಾಕಿದರೆ ಚೆನ್ನಾಗಿ ನಿದ್ದೆ ಅನ್ನುವ ಮಾತೂ ನಮ್ಮ ಕಡೆ ಇದೆ. ಹತ್ತುವುದು ಬೇಗ ಹತ್ತುತ್ತದೆ. ರಾತ್ರಿಯ ಎರಡನೇ ಅರ್ಧ ಚೂರುಚೂರಾಗುತ್ತದೆ, ಗೊರಕೆಯೂ ಜಾಸ್ತಿಯಾಗುತ್ತದೆ. ಗೊರಕೆಯ ನಡುವೆ ಉಸಿರು ನಿಂತು, ಮತ್ತೆ ಎಳೆದುಕೊಂಡು ಶುರುವಾಗುತ್ತಿದ್ದರೆ ಅದು ಕಾಯಿಲೆ. ಅಂಥವರಿಗೆ ಹಗಲಲ್ಲಿ ಸ್ಟಿಯರಿಂಗ್ ಹಿಡಿದೇ ಕಣ್ಣು ಮುಚ್ಚುತ್ತದೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಅದು ಏನಾಗಬಹುದು, ಯೋಚಿಸಿ. ಗೊರಕೆ ಹೊಡೆಯುವವರಿಗೆ ಇದು ತಿಳಿಯುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ತಿಳಿಯುತ್ತದೆ. ಅವರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಡಾಕ್ಟರ ಹತ್ತಿರ ಹೋಗುವಾಗ ಇಬ್ಬರೂ ಹೋಗಿ, ಅದನ್ನು ಕೇಳಿಸಿ.