"ಇಲ್ಲಿಗೆ ಸಾಕು, ತಿರುಗೋಣ" ಅನ್ನೋ ಗೈಡ್‌ಗೇ ನನ್ನ ದುಡ್ಡು

ನಮಸ್ಕಾರ ಎಲ್ಲರಿಗೂ.

ಸ್ವಾಲ್‌ಬಾರ್ಡ್‌ಗೆ ಹೋಗ್ತೀವಿ, ಸ್ನೋಮೊಬೈಲ್ (ಹಿಮದ ಮೇಲೆ ಓಡೋ ಸ್ಕೂಟರಿನಂಥ ಗಾಡಿ) ಓಡಿಸ್ತೀವಿ ಅಂತ ಹೊರಟವರು ನನ್ನನ್ನ ಕೇಳೋದು ಎರಡೇ ಪ್ರಶ್ನೆ. ಎಷ್ಟು ಸ್ಪೀಡ್ ಹೋಗುತ್ತೆ? ಹಿಮಕರಡಿ ಕಾಣುತ್ತಾ? ಗೈಡ್ ಬಗ್ಗೆ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ. ಕೇಳಬೇಕಾಗಿರೋದು ಅದನ್ನೇ. ಮೊದಲ ಸಲ ಹೋಗೋರು ಅಲ್ಲಿ ದುಡ್ಡು ಕೊಡೋದು ಗಾಡಿಗಿಂತ ಹೆಚ್ಚಾಗಿ ಗೈಡ್‌ಗೆ. ಅದರಲ್ಲೂ ಆ ಗೈಡ್ ದಾರಿ ಮಧ್ಯೆ ನಿಂತು, ಸುತ್ತ ಒಂದ್ಸಲ ನೋಡಿ, "ಇಲ್ಲಿಗೆ ಸಾಕು, ತಿರುಗೋಣ" ಅನ್ನೋ ಮಾತಿಗೆ. ಆ ಮಾತು ಕೇಳಿ ಮುಖ ಸಿಂಡರಿಸಿಕೊಂಡು ವಾಪಸ್ ಬಂದು ಒಂದು ಸ್ಟಾರ್ ಕೊಡ್ತಾರಲ್ಲ, ಅವರ ಮೇಲೆ ನನಗೆ ಸ್ವಲ್ಪ ಕೋಪ ಇದೆ. ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಜಾಗ. ನಾರ್ವೆಯ ಉತ್ತರ ತುದಿಗೂ ಉತ್ತರ ಧ್ರುವಕ್ಕೂ ನಡುವೆ ಇರೋ ದ್ವೀಪಗಳ ಗುಂಪು ಸ್ವಾಲ್‌ಬಾರ್ಡ್. ಅಲ್ಲಿಯ ದೊಡ್ಡ ಊರು ಲಾಂಗ್‌ಯಿಯರ್‌ಬಿಯೆನ್, 78 ಡಿಗ್ರಿ ಉತ್ತರ ಅಕ್ಷಾಂಶ. ದೊಡ್ಡ ಊರು ಅಂದ್ರೆ ಜನ ಸುಮಾರು 2,500. ಒಂದು ಊರಿಂದ ಇನ್ನೊಂದು ಊರಿಗೆ ರಸ್ತೆಯೇ ಇಲ್ಲ. ಹಾಗಾಗಿ ಚಳಿಗಾಲದಲ್ಲಿ ಅಲ್ಲಿನವರಿಗೆ ಸ್ನೋಮೊಬೈಲ್ ಅನ್ನೋದು ಮೋಜಿನ ಗಾಡಿ ಅಲ್ಲ, ದಿನನಿತ್ಯದ ಗಾಡಿ. ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇರೋದೂ ಇದೇ ದ್ವೀಪಗಳಲ್ಲಿ, ಇನ್ನೂ ಉತ್ತರಕ್ಕೆ, ನ್ಯೂ ಒಲೆಸುಂಡ್‌ನಲ್ಲಿ. 2023ರ ಡಿಸೆಂಬರಲ್ಲಿ ಅಲ್ಲಿಗೆ ಮೊದಲ ಚಳಿಗಾಲದ ತಂಡ ಹೋದಾಗ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು.

ಲಾಂಗ್‌ಯಿಯರ್‌ಬಿಯೆನ್ 1906ರಲ್ಲಿ ಕಲ್ಲಿದ್ದಲಿಗೋಸ್ಕರ ಹುಟ್ಟಿದ ಊರು. ಗಣಿಯಿಂದ ಬಂದವರು ಮಸಿ ಮೆತ್ತಿದ ಬೂಟನ್ನ ಬಾಗಿಲಲ್ಲೇ ಬಿಟ್ಟು ಒಳಗೆ ಬರ್ತಿದ್ದರು. ಆ ರೂಢಿ ಕೆಲವು ಹೋಟೆಲ್‌ಗಳಲ್ಲಿ ಇವತ್ತಿಗೂ ನಡೀತಿದೆ. ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ, ತೂತಿಲ್ಲದ ಕಾಲುಚೀಲ ಹಾಕ್ಕೊಂಡು ಹೋದ್ರೆ ಸಾಕು.

ಇನ್ನು ಗುಲ್ಮಾರ್ಗ್ ವೀರರು. "ನಾನು ಕಾಶ್ಮೀರದಲ್ಲಿ ಓಡಿಸಿದ್ದೀನಿ, ನನಗೆ ಗೊತ್ತು" ಅನ್ನೋರು. ಅಲ್ಲಿ ಆಗೋದೇನು ಅಂದ್ರೆ, ಸಾಮಾನ್ಯವಾಗಿ ಗಾಡಿಯವನು ನಿಮ್ಮ ಹಿಂದೇನೇ ಕೂತಿರ್ತಾನೆ, ಅರ್ಧ ಹ್ಯಾಂಡಲ್ ಅವನ ಕೈಲಿರುತ್ತೆ, ಒಂದು ರೌಂಡ್ ಹೊಡೆದು ಇಳಿಸ್ತಾನೆ. ಸ್ವಾಲ್‌ಬಾರ್ಡ್‌ನಲ್ಲಿ ನಿಮ್ಮ ಗಾಡಿ ನಿಮ್ಮದು. ಕಾರಿನ ಲೈಸೆನ್ಸ್ ಜೇಬಲ್ಲಿ ಇರಬೇಕು. ಕುಡಿದು ಓಡಿಸೋ ಹಾಗಿಲ್ಲ, ಹಿಂದಿನ ರಾತ್ರಿಯ ಬಿಯರ್ ಬೆಳಿಗ್ಗೆ ರಕ್ತದಲ್ಲಿ ಉಳಿದಿದ್ದರೂ ಕಷ್ಟ. ಊರು ದಾಟಿದ ಮೇಲೆ ಮೊಬೈಲ್ ಸಿಗ್ನಲ್ ಹೋಗುತ್ತೆ. ಅಲ್ಲಿಂದ ಮುಂದೆ ನಿಮಗೆ ಗೊತ್ತಿರೋದು ಮುಂದಿನ ಗಾಡಿಯ ಕೆಂಪು ಲೈಟ್ ಒಂದೇ.

ಬೆಳಿಗ್ಗೆ ಬಟ್ಟೆ ಹಾಕೋದ್ರಲ್ಲೇ ಮುಕ್ಕಾಲು ಗಂಟೆ ಹೋಗುತ್ತೆ. ಮೇಲಿನ ದಪ್ಪ ಸೂಟು, ಬೂಟು, ಹೆಲ್ಮೆಟ್, ಗಾಗಲ್ಸ್, ಕೈಗೆ ದೊಡ್ಡ ಮಿಟನ್ (ನಾಲ್ಕು ಬೆರಳಿಗೂ ಸೇರಿ ಒಂದೇ ಗೂಡಿರೋ ಕೈಗವಸು), ಎಲ್ಲಾ ಅವರೇ ಕೊಡ್ತಾರೆ. ಒಳಗಿನದು ನಿಮ್ಮದು. ಉಣ್ಣೆಯದ್ದೇ ಇರಲಿ. ಕಾಟನ್ ಬನಿಯನ್, ಜೀನ್ಸ್ ಬೇಡವೇ ಬೇಡ. ಬೆವರು ಹಿಡ್ಕೊಂಡು ತಣ್ಣಗಾದ್ರೆ ಮೇಲಿನ ಸೂಟು ಎಷ್ಟೇ ದಪ್ಪ ಇದ್ದರೂ ಉಪಯೋಗಕ್ಕೆ ಬರಲ್ಲ. ಥರ್ಮಾಮೀಟರ್ ಮೈನಸ್ 20 ಅಂತಿದ್ರೆ, ಗಂಟೆಗೆ 50 ಕಿಲೋಮೀಟರ್‌ನಲ್ಲಿ ಹೋಗೋವಾಗ ಚರ್ಮಕ್ಕೆ ತಟ್ಟೋದು ಮೈನಸ್ 35ರ ಚಳಿ. ಪ್ರತಿ ಸಲ ನಿಂತಾಗ ನಮ್ಮ ಗೈಡ್, ಚಿಕ್ಕ ವಯಸ್ಸಿನ ಹುಡುಗಿ, ಒಬ್ಬೊಬ್ಬರ ಹೆಲ್ಮೆಟ್ ಹತ್ತಿರ ಬಂದು ಇಣುಕಿ ಮುಖ ನೋಡ್ತಿದ್ದಳು. ಗಾಗಲ್ಸ್‌ಗೂ ಮಾಸ್ಕ್‌ಗೂ ನಡುವೆ ಬೆರಳಗಲ ಚರ್ಮ ಬಯಲಾಗಿದ್ರೆ ಅಲ್ಲಿ ಬೆಳ್ಳಗೆ ಒಂದು ಮಚ್ಚೆ ಏಳುತ್ತೆ, ನಿಮಗೆ ಗೊತ್ತೇ ಆಗಲ್ಲ, ಯಾಕಂದ್ರೆ ಅಲ್ಲಿ ಸ್ಪರ್ಶವೇ ಹೋಗಿರುತ್ತೆ. ನನ್ನ ಪಕ್ಕದವರ ಕೆನ್ನೆಯಲ್ಲಿ ಅದು ಕಂಡ ತಕ್ಷಣ ಅವಳು ಮಿಟನ್ ಕಳಚಿ ಬರೀ ಅಂಗೈಯನ್ನ ಅಲ್ಲಿ ಒತ್ತಿ ಹಿಡಿದಳು. ಉಜ್ಜಲಿಲ್ಲ, ಸುಮ್ಮನೆ ಬಣ್ಣ ಬರೋವರೆಗೂ ಹಿಡ್ಕೊಂಡು ನಿಂತಳು. ಅಷ್ಟು ಹೊತ್ತೂ ಅವಳ ಕೈ ಆ ಚಳಿಗೆ ಬಯಲಾಗೇ ಇತ್ತು.

ಗಾಡಿ ಓಡಿಸೋದು ಕಷ್ಟ ಅಲ್ಲ. ಕ್ಲಚ್ ಇಲ್ಲ, ಗೇರ್ ಹಾಕೋ ಕೆಲಸ ಇಲ್ಲ, ಬೆಲ್ಟ್ ಡ್ರೈವ್. ಬಲಗೈ ಹೆಬ್ಬೆರಳಲ್ಲಿ ಒತ್ತಿದ್ರೆ ಆಕ್ಸಿಲರೇಟರ್, ಎಡಗೈಯಲ್ಲಿ ಬ್ರೇಕ್. ಒಂದು ಸುರುಳಿ ದಾರ ನಿಮ್ಮ ಸೂಟ್‌ಗೆ ಸಿಕ್ಕಿಸಿರ್ತಾರೆ, ನೀವು ಬಿದ್ದರೆ ಅದು ಕಿತ್ತು ಬಂದು ಎಂಜಿನ್ ಆಫ್. ಹ್ಯಾಂಡಲ್ ಗ್ರಿಪ್ ಬಿಸಿ ಆಗುತ್ತೆ, ಆಹಾ. ಹೆಬ್ಬೆರಳನ್ನ ಗಾಬರಿಯಲ್ಲಿ ಗಬಕ್ಕನೆ ಒತ್ತಿದ್ರೆ ಮಾತ್ರ ಗಾಡಿ ಎಗರುತ್ತೆ; 250 ಕೆ.ಜಿ.ಗೂ ಹೆಚ್ಚು ತೂಕದ ಗಾಡಿ ಅದು. ತಿರುವಲ್ಲಿ ಹ್ಯಾಂಡಲ್ ತಿರುಗಿಸಿದ್ರೆ ಸಾಲದು, ಮೈಯನ್ನೂ ಒಳಗಡೆಗೆ ವಾಲಿಸಬೇಕು. ಇಳಿಜಾರಿಗೆ ಅಡ್ಡಡ್ಡ ಹೋಗೋವಾಗ ಗುಡ್ಡದ ಮೇಲ್ಭಾಗದ ಕಡೆಗೆ ವಾಲಬೇಕು.

ಬೆಂಗಳೂರಲ್ಲಿ ಟೂವೀಲರ್ ಓಡಿಸಿ ಬೆಳೆದವರಿಗೆ ಇಲ್ಲೊಂದು ಅಪಾಯ ಇದೆ. ಸಿಗ್ನಲ್ ಹತ್ರ, ಹಂಪ್ ಹತ್ರ, ಗುಂಡಿ ಹತ್ರ ನಮ್ಮ ಕಾಲು ತಾನಾಗೇ ಕೆಳಗಿಳಿಯುತ್ತೆ. ಗಾಡಿ ವಾಲಿತು ಅನ್ನಿಸಿದ್ರೆ ಸಾಕು, ಕಾಲು ಊರಿಬಿಡ್ತೀವಿ. ಸ್ನೋಮೊಬೈಲ್‌ನಲ್ಲಿ ಹಾಗೆ ಮಾಡಿದ್ರೆ ಕಾಲು ಹಿಮದಲ್ಲಿ ಹೂತು, ಮೇಲಿಂದ ಗಾಡಿ ಬಂದು ಮೊಣಕಾಲು ತಿರುಚುತ್ತೆ. ಕಾಲು ಗಾಡಿ ಮೇಲೇ ಇರಲಿ, ಗಾಡಿ ಪಲ್ಟಿ ಆಗ್ತಿದೆ ಅನ್ನಿಸಿದ್ರೆ ಬಿಟ್ಟು ಆಚೆ ಹಾರಿ. ಲಾಂಗ್‌ಯಿಯರ್‌ಬಿಯೆನ್‌ನಲ್ಲಿ ಇರೋದು ಸಣ್ಣ ಆಸ್ಪತ್ರೆ. ದೊಡ್ಡ ಪೆಟ್ಟಾದ್ರೆ ಸಮುದ್ರ ದಾಟಿ ಟ್ರೊಮ್ಸೋಗೆ ವಿಮಾನದಲ್ಲಿ ಸಾಗಿಸ್ತಾರೆ. ಇನ್ಶೂರೆನ್ಸ್ ಪೇಪರ್ ಸಹಿ ಮಾಡೋ ಮುಂಚೆ ಓದಿ ಅಂತ ಹೇಳೋದು ಅದಕ್ಕೇ. ಗಾಡಿ ಜಖಂ ಆದ್ರೆ ನಿಮ್ಮ ಕೈಯಿಂದ ಎಷ್ಟು ಅನ್ನೋದೂ ಅದರಲ್ಲೇ ಇರುತ್ತೆ, ಆ ಮೊತ್ತ ಸಣ್ಣದಲ್ಲ.

ಇನ್ನೊಂದು ಅಪಾಯ, ಇದರ ಬಗ್ಗೆ ರೀಲ್ಸ್‌ನಲ್ಲಿ ಯಾರೂ ಹೇಳಲ್ಲ: ಬೆಳಕು. ಮೋಡ ಕವಿದಾಗ ನೆರಳು ಪೂರ್ತಿ ಮಾಯ ಆಗುತ್ತೆ. ನೆಲವೂ ಬಿಳಿ, ಆಕಾಶವೂ ಬಿಳಿ, ನಡುವೆ ಗೆರೆ ಇಲ್ಲ. ಮುಂದೆ ಮಂಡಿಯುದ್ದದ ಹಳ್ಳ ಇದ್ದರೂ ಸಮತಟ್ಟಾಗೇ ಕಾಣುತ್ತೆ. ಗಾಡಿ ನಿಂತಿದೆಯೋ ಓಡ್ತಿದೆಯೋ ಅಂತ ಒಮ್ಮೊಮ್ಮೆ ಅನುಮಾನ ಬರುತ್ತೆ. ಅಂಥಾ ಹೊತ್ತಲ್ಲಿ ಗೈಡ್ ಎಡಗೈ ಮೇಲೆತ್ತಿ ಎಲ್ಲರನ್ನೂ ನಿಲ್ಲಿಸಿದ್ರೆ, ಹಿಂದಿಂದ ಒಬ್ಬರು ಗೊಣಗೋದು ಗ್ಯಾರಂಟಿ: "ಏನೂ ಆಗಿಲ್ವಲ್ಲ, ಯಾಕ್ ನಿಂತ್ರು?" ಏನೂ ಆಗಬಾರದು ಅಂತಲೇ ಸ್ವಾಮಿ ನಿಂತಿದ್ದು.

ತದ್ವಿರುದ್ಧ ಅನ್ನಿಸೋ ಇನ್ನೊಂದು ವಿಷಯ: ಅಷ್ಟು ಚಳಿಯಲ್ಲೂ ಎಂಜಿನ್ ಬಿಸಿಯಾಗಿ ನಿಲ್ಲಬಹುದು. ಗಾಡಿಯ ಕೆಳಗೆ ತಿರುಗೋ ರಬ್ಬರ್ ಪಟ್ಟಿ, ಅಂದ್ರೆ ಟ್ರ್ಯಾಕ್, ಎರಚೋ ಹಿಮದಿಂದಲೇ ಎಂಜಿನ್ನಿನ ನೀರು ತಣ್ಣಗಾಗೋದು. ನೆಲ ಗಟ್ಟಿ ಮಂಜುಗಡ್ಡೆ ಆಗಿದ್ರೆ ಎರಚೋಕೆ ಹಿಮವೇ ಇರಲ್ಲ. ಗೈಡ್ ಇದ್ದಕ್ಕಿದ್ದ ಹಾಗೆ ಒಳ್ಳೇ ದಾರಿ ಬಿಟ್ಟು ಪಕ್ಕದ ಮೆತ್ತಗಿನ ಹಿಮಕ್ಕೆ ಇಳಿದ್ರೆ ದಾರಿ ತಪ್ಪಿದ್ದಲ್ಲ ಅದು, ಗಾಡಿಗೆ ನೀರು ಕುಡಿಸ್ತಿದ್ದಾರೆ ಅಂದ್ಕೊಳ್ಳಿ.

ಈಗ ಯಾವ ಟ್ರಿಪ್ ತಗೋಬೇಕು? ಸೀಸನ್ ಸುಮಾರಾಗಿ ಫೆಬ್ರವರಿ ಮಧ್ಯದಿಂದ ಮೇ ಶುರುವಿನವರೆಗೆ. ಫೆಬ್ರವರಿಯಲ್ಲಿ ನೀಲಿ ಬೆಳಕು, ಊರೊಳಗೆ ಸೂರ್ಯ ಬೀಳೋದು ಮಾರ್ಚ್ 8ರ ಆಸುಪಾಸು, ಏಪ್ರಿಲ್ 20ರ ಹೊತ್ತಿಗೆ ಸೂರ್ಯ ಮುಳುಗೋದೇ ನಿಲ್ಲುತ್ತೆ. ಎಲ್ಲರಿಗೂ ಬೇಕಾಗಿರೋದು ಪೂರ್ವ ಕರಾವಳಿಯ ಟ್ರಿಪ್, ಯಾಕಂದ್ರೆ ಫೋಟೋ ಚೆನ್ನಾಗಿ ಬರುತ್ತೆ, ಕರಡಿ ಸಿಗಬಹುದು ಅನ್ನೋ ಆಸೆ. ಅದು ಇಡೀ ದಿನದ ದಾರಿ, 150 ಕಿಲೋಮೀಟರ್ ಮೀರುತ್ತೆ. ಮೊದಲ ಸಲ ಓಡಿಸೋರ ಹೆಬ್ಬೆರಳು ಮಧ್ಯಾಹ್ನಕ್ಕೇ ಸೋತಿರುತ್ತೆ. ವಾಪಸ್ ಬರೋವಾಗ ಸುಸ್ತು, ಸುಸ್ತಲ್ಲಿ ಅಜಾಗರೂಕತೆ. ರಷ್ಯನ್ನರ ಗಣಿ ಊರು ಬಾರೆಂಟ್ಸ್‌ಬರ್ಗ್ ಕೂಡ ಹೋಗಿಬರೋಕೆ ಸುಮಾರು 120 ಕಿಲೋಮೀಟರ್. ಅದರ ಬದಲು ಅಡ್ವೆಂಟ್‌ಡಾಲೆನ್ ಕಣಿವೆಯಲ್ಲಿ ಅರ್ಧ ದಿನದ ಟ್ರಿಪ್, ಅಥವಾ ಸ್ವಲ್ಪ ಧೈರ್ಯ ಇದ್ರೆ ಸಾಸೆನ್‌ಡಾಲೆನ್ ಕಡೆ ಹೆಪ್ಪುಗಟ್ಟಿ ನಿಂತ ಎಸ್ಕರ್‌ಫೊಸೆನ್ ಜಲಪಾತದವರೆಗೆ. ಕಣಿವೆ ಅಗಲ, ನೆಲ ಹೆಚ್ಚುಕಡಿಮೆ ಸಮ. ಗಿಡ್ಡ ಕಾಲಿನ ಸ್ವಾಲ್‌ಬಾರ್ಡ್ ಹಿಮಸಾರಂಗಗಳು ಅಲ್ಲಲ್ಲಿ ಹಿಮ ಕೆದಕ್ತಾ ನಿಂತಿರ್ತವೆ. ಅವು ಕಂಡಾಗ ನಿಧಾನ ಮಾಡಿ. ಚಳಿಗಾಲದ ಕೊನೆಯಲ್ಲಿ ಅವುಗಳ ಮೈಯಲ್ಲಿ ಓಡೋಕೆ ಕೊಬ್ಬು ಉಳಿದಿರಲ್ಲ.

ಊಟ ಅಂದ್ರೆ ಒಣಗಿಸಿದ ಪ್ಯಾಕೆಟ್‌ಗೆ ಬಿಸಿನೀರು. ಸಸ್ಯಾಹಾರಿ ಬೇಕಂದ್ರೆ ಬುಕ್ ಮಾಡೋವಾಗಲೇ ಹೇಳಿ. ಚಪಾತಿ ರೋಲ್ ಕಟ್ಕೊಂಡು ಹೋಗ್ಬೇಡಿ, ಹಲಗೆ ಆಗುತ್ತೆ. ಕೋಡುಬಳೆ, ಶೇಂಗಾ ಚಿಕ್ಕಿ ಬೆಸ್ಟ್. ಶೌಚಾಲಯ ಇಲ್ಲ, ಬಯಲೇ, ಅದೂ ಗೈಡ್ ತೋರಿಸಿದ ಜಾಗದಲ್ಲಿ.

ಟೆಂಪಲ್‌ಫ್ಯೋರ್ಡ್ ಬಗ್ಗೆ ದೂರು ಬಹಳ ಬರುತ್ತೆ. ಫ್ಯೋರ್ಡ್ ಅಂದ್ರೆ ಬೆಟ್ಟಗಳ ನಡುವೆ ಒಳಗೆ ನುಗ್ಗಿರೋ ಸಮುದ್ರದ ತೋಳು. "ಹಳೇ ವಿಡಿಯೋದಲ್ಲಿ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಗಾಡಿ ಓಡಿಸ್ಕೊಂಡು ಹಿಮನದಿ ಹತ್ರ ಹೋಗಿದ್ರು, ನಮ್ಮನ್ನ ದಡದಲ್ಲೇ ನಿಲ್ಲಿಸಿದ್ರು, ಮೋಸ." ಮೋಸ ಅಲ್ಲ. ಆ ದ್ವೀಪಗಳು ಜಗತ್ತಿನ ಸರಾಸರಿಗಿಂತ ಹಲವು ಪಟ್ಟು ವೇಗವಾಗಿ ಬಿಸಿಯಾಗ್ತಿವೆ, ಸಮುದ್ರದ ಮೇಲಿನ ಮಂಜುಗಡ್ಡೆ ಮೊದಲಿನ ಹಾಗೆ ಗಟ್ಟಿ ಕಟ್ಟಲ್ಲ. ಉಳಿದ ಮಂಜುಗಡ್ಡೆ ಮೇಲೆ ವಸಂತದಲ್ಲಿ ಸೀಲ್ ಅನ್ನೋ ಕಡಲ ಪ್ರಾಣಿಗಳು ಹಿಮದ ಗೂಡಲ್ಲಿ ಮರಿ ಹಾಕ್ತವೆ, ಅದನ್ನ ಹುಡುಕಿಕೊಂಡು ಕರಡಿ ಬರುತ್ತೆ. ಅದಕ್ಕೇ ಕೆಲವು ಫ್ಯೋರ್ಡ್‌ಗಳಲ್ಲಿ ಮಾರ್ಚ್ 1ರ ನಂತರ ಮಂಜಿನ ಮೇಲೆ ಗಾಡಿ ಓಡಿಸಿ ಸುತ್ತಾಡೋದಕ್ಕೆ ನಿರ್ಬಂಧ ಇದೆ. ಮಂಜು ಇದ್ದೂ ಗೈಡ್ ಇಳಿಯಲ್ಲ ಅಂದ್ರೆ, ಒಂದೋ ಕಾನೂನು, ಇಲ್ಲಾ ಅದರ ದಪ್ಪ ಸಾಲದು. ಯಾವುದಾದರೂ ಆಗಲಿ, ದಡದಲ್ಲಿ ನಿಂತು ಟೀ ಕುಡೀರಿ.

ಕರಡಿ ಕಥೆನೂ ಅಷ್ಟೇ. ಊರಾಚೆ ಹೋಗೋ ಗೈಡ್ ಹತ್ರ ಬಂದೂಕು ಇರುತ್ತೆ, ಹೆದರಿಸೋ ಸಿಗ್ನಲ್ ಪಿಸ್ತೂಲು ಇರುತ್ತೆ. ಅದು ಕರಡಿ ತೋರಿಸೋಕಲ್ಲ. ಕರಡಿಯನ್ನ ಹುಡುಕಿಕೊಂಡು ಹೋಗೋದು, ಬೆನ್ನಟ್ಟೋದು, ಆಸೆ ತೋರಿಸಿ ಕರೆಯೋದು ಎಲ್ಲಾ ಅಲ್ಲಿ ಅಪರಾಧ. 2025ರ ಜನವರಿಯಿಂದ ಕನಿಷ್ಠ 300 ಮೀಟರ್ ದೂರ, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್. ಅಂದ್ರೆ ನಿಮ್ಮ ಸ್ನೋಮೊಬೈಲ್ ಸೀಸನ್ ಬಹುಪಾಲು 500 ಮೀಟರಿನದ್ದೇ. ಆ ದೂರದಿಂದ ಫೋನಲ್ಲಿ ತೆಗೆದ್ರೆ ಹಳದಿ ಚುಕ್ಕೆ. "ಕರಡಿ ಗ್ಯಾರಂಟಿ" ಅಂತ ಯಾರಾದ್ರೂ ಪ್ಯಾಕೇಜ್ ಮಾರಿದ್ರೆ ಫೋನ್ ಇಟ್ಟುಬಿಡಿ.

ಇಷ್ಟು ಪೆಟ್ರೋಲ್ ಸುಟ್ಟು, ಕರಗ್ತಿರೋ ಮಂಜು ನೋಡೋಕೆ ಹೋಗೋದು ಸರೀನಾ ಅಂತ ಕೇಳಿದ್ರೆ, ನನ್ನನ್ನ ಸಮರ್ಥಿಸಿಕೊಳ್ಳೋ ಉತ್ತರ ನನ್ನ ಹತ್ರ ಇಲ್ಲ. ಬೆಂಗಳೂರಿಂದ ಅಲ್ಲಿವರೆಗಿನ ವಿಮಾನದ ಮುಂದೆ ಅರ್ಧ ದಿನದ ಸ್ನೋಮೊಬೈಲ್ ಸಣ್ಣ ಲೆಕ್ಕ. ಎಲೆಕ್ಟ್ರಿಕ್ ಗಾಡಿಗಳೂ ಬಂದಿವೆ. ಚಳಿಗೆ ಬ್ಯಾಟರಿ ಬೇಗ ಇಳಿಯೋದ್ರಿಂದ ಸಣ್ಣ ಟ್ರಿಪ್‌ಗೆ ಮಾತ್ರ. ಹೇಗೂ ಸಣ್ಣ ಟ್ರಿಪ್ ತಗೊಳ್ಳಿ ಅಂತ ಹೇಳ್ತಿದ್ದೀನಲ್ಲ, ಸಿಕ್ಕಿದ್ರೆ ಅದನ್ನೇ ಕೇಳಿ.

ಗಂಡ ಹೆಂಡತಿ ಹೋಗೋರಿಗೆ ಒಂದು ಮಾತು. ಒಂದು ಗಾಡಿಯಲ್ಲಿ ಇಬ್ಬರು ಕೂರಬಹುದು. ನಮ್ಮಲ್ಲಿ ಹೇಳದೇ ಕೇಳದೇ ಗಂಡ ಮುಂದೆ, ಹೆಂಡತಿ ಹಿಂದೆ. ಓಡಿಸೋರ ಮೈ ಕೆಲಸ ಮಾಡ್ತಿರುತ್ತೆ, ಬಿಸಿ ಇರುತ್ತೆ. ಹಿಂದೆ ಸುಮ್ಮನೆ ಕೂತವರೇ ಮೊದಲು ನಡುಗೋದು. ಇಬ್ಬರಿಗೂ ಲೈಸೆನ್ಸ್ ಇದ್ರೆ ಅರ್ಧ ದಾರಿಗೆ ಅದಲು ಬದಲಾಗಿ. ಓಡಿಸೋಕೆ ಮನಸ್ಸಿಲ್ಲ ಅಂದ್ರೂ ನಾಚಿಕೆ ಬೇಡ, ಹಿಂದೆ ಕೂತವರು ಕಣಿವೆ ನೋಡ್ತಾರೆ, ಓಡಿಸೋರು ಮುಂದಿನ ಗಾಡಿಯ ಲೈಟ್ ನೋಡ್ತಾರೆ.

ಕೊನೆಗೆ ಬುಕಿಂಗ್. ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡ ಅಂತ ಎಲ್ಲೋ ಓದಿ ಕುಣೀಬೇಡಿ. ಅದು ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಆಚೆ ಇದೆ, ಆದ್ರೆ ಹೋಗೋದು ನಾರ್ವೆ ಮೂಲಕ, ವಾಪಸ್ ಬರೋದೂ ನಾರ್ವೆಗೇ. ಎರಡು ಸಲ ಒಳಗೆ ಬರೋಕೆ ಅವಕಾಶ ಇರೋ ಷೆಂಗೆನ್ ವೀಸಾನೇ ಬೇಕು. ಟ್ರಿಪ್ ಬುಕ್ ಮಾಡೋ ಮುಂಚೆ ಕಂಪನಿಗೆ ಮೇಲ್ ಹಾಕಿ ಮೂರು ವಿಷಯ ಕೇಳಿ: ಒಬ್ಬ ಗೈಡ್‌ಗೆ ಎಷ್ಟು ಗಾಡಿ, ಗಾಳಿ ಎದ್ದರೆ ದಾರಿ ಬದಲಿಸ್ತೀರಾ ಇಲ್ಲಾ ರದ್ದು ಮಾಡ್ತೀರಾ, ರದ್ದಾದ್ರೆ ದುಡ್ಡು ವಾಪಸ್ ಬರುತ್ತಾ. "ಎಂಥಾ ಹವೆ ಇದ್ದರೂ ಹೋಗ್ತೀವಿ" ಅಂತ ಉತ್ತರ ಬಂದ್ರೆ ಬೇರೆ ಕಂಪನಿ ನೋಡಿ. ಆಮೇಲೆ, ಟ್ರಿಪ್ಪನ್ನ ವಾಪಸ್ ಹೊರಡೋ ಹಿಂದಿನ ದಿನಕ್ಕೆ ಇಟ್ಕೋಬೇಡಿ, ತಲುಪಿದ ಮರುದಿನಕ್ಕೇ ಹಾಕಿ. ಅವತ್ತು ಗೈಡ್ ಬೇಡ ಅಂದ್ರೆ ನಾಳೆ, ನಾಳಿದ್ದು ಇನ್ನೂ ನಿಮ್ಮ ಕೈಯಲ್ಲಿರುತ್ತೆ.