"ಇದೆ" ಅನ್ನೋ ಒಂದು ಮಾತು: ಮನಿಲಾದ ಫಿಲಾಸಫಿ ಮೇಷ್ಟ್ರು ರೋಕೆ ಫೆರಿಯೋಲ್ಸ್

ಎಲ್ರಿಗೂ ನಮಸ್ಕಾರ. ಯಾರಾದ್ರೂ ಸ್ವಲ್ಪ ಉದ್ದಕ್ಕೆ ಮಾತಾಡಿದ್ರೆ ನಮ್ ಕಡೆ "ಸಾಕು ಮಾರಾಯ ನಿನ್ ವೇದಾಂತ" ಅಂತೀವಲ್ಲ, ಫಿಲಿಪೀನ್ಸ್‌ನಲ್ಲೂ ಅದೇ ಕಥೆ, ಅಲ್ಲಿ ಮಾತಿಗೆ ಮಾತು ಬೆಳೆಸೋನಿಗೆ "ಪಿಲೊಸೊಪೊ" ಅಂತಾರೆ. ಮನಿಲಾದ ಡೆ ಲಾ ಸಾಲ್ ಯೂನಿವರ್ಸಿಟಿಯ ಪ್ರೊಫೆಸರ್ ಎಮೆರಿಟಾ ಕ್ವಿಟೊ, ತಮ್ಮ ದೇಶದಲ್ಲಿ ಫಿಲಾಸಫಿ ಸ್ಥಿತಿ ಹೆಂಗಿದೆ ಅಂತ 1983ರಲ್ಲಿ ಬರೆದಾಗ ಈ ಬೈಗುಳದ ಮಾತು ಎತ್ತಿದ್ರು. ಜನಕ್ಕೆ ಫಿಲಾಸಫಿ ಮೇಲೆ ಯಾಕಿಷ್ಟು ಸಸಾರ? ನಂಗನ್ಸೋದು, ಅವರ ಮನೆ ಮಾತಲ್ಲಿ ಅದನ್ನ ಯಾರೂ ಹೇಳ್ಕೊಡಲೇ ಇಲ್ಲ.

ಹೇಳ್ಕೊಟ್ಟ ಒಬ್ಬರ ಬಗ್ಗೆ ಇವತ್ತು ಮಾತಾಡ್ತೀನಿ. ರೋಕೆ ಫೆರಿಯೋಲ್ಸ್, ಜೆಸ್ಯೂಟ್ ಪಾದ್ರಿ, 1924ರಲ್ಲಿ ಮನಿಲಾದ ಸಂಪಾಲೋಕ್‌ನಲ್ಲಿ ಹುಟ್ಟಿದ್ದು. ಅವರ ಏರಿಯಾದಲ್ಲಿ ಆಡ್ತಿದ್ದ ಮಾತು ಮನಿಲಾ ಕಡೆಯ ಶುದ್ಧ ಟ್ಯಾಗಲಾಗ್ ಭಾಷೆ ಅಲ್ಲ, ಉತ್ತರದ ಕಡೆಯ ಇಲೋಕಾನೋ ಭಾಷೆ ಬೆರೆತ ಮಾತು, ಅದನ್ನ ಅವರು ಮುಚ್ಚಿಡಲಿಲ್ಲ, ನಂದು ಉತ್ತರ ಸಂಪಾಲೋಕ್ ಭಾಷೆ ಅಂತಾನೇ ಬರೆದ್ರು. ಹಳ್ಳಿಯಿಂದ ಬಂದು ನಿಮ್ ಕನ್ನಡ ಸರಿ ಇಲ್ಲ ಅಂತ ಅನ್ನಿಸ್ಕೊಂಡಿರೋ ಮಕ್ಕಳು ಇಲ್ಲೂ ಕೂತಿದೀರ, ಅದಕ್ಕೇ ಈ ಮಾತು ಹೇಳ್ತಿದೀನಿ.

ಪಿಎಚ್‌ಡಿ ಮಾಡಿದ್ದು ನ್ಯೂಯಾರ್ಕ್‌ನ ಫೋರ್ಡಮ್ ಯೂನಿವರ್ಸಿಟೀಲಿ, 1959ರಲ್ಲಿ. ವಿಷಯ ಯಾವುದು ಗೊತ್ತಾ? ನಮ್ಮ ಶ್ರೀ ಅರವಿಂದರು! ಬೇಂದ್ರೆ, ಗೋಕಾಕರು ಅಷ್ಟು ಹಚ್ಕೊಂಡಿದ್ದ ಅದೇ ಅರವಿಂದರು ದಿವ್ಯ ಜೀವನದ ಬಗ್ಗೆ ಬರೆದಿದ್ರಲ್ಲಿ ಬರೋ ಚೈತ್ಯಪುರುಷನ ಬಗ್ಗೆ, ಅಂದ್ರೆ ನಮ್ಮೊಳಗೆ ಬೆಳೀತಾ ಹೋಗೋ ಆತ್ಮದ ಬಗ್ಗೆ, ಒಬ್ಬ ಕ್ಯಾಥೊಲಿಕ್ ಪಾದ್ರಿ ಥೀಸಿಸ್ ಬರೆದ್ರು ಅಂತ ಮೊದಲ ಸಲ ಓದಿದಾಗ ನಂಗೆ ಮೈ ಜುಮ್ ಅಂತು.

ಆಮೇಲೆ ಅಟೆನಿಯೊ ಡಿ ಮನಿಲಾ ಯೂನಿವರ್ಸಿಟಿ. ಮುನ್ನೂರು ವರ್ಷಕ್ಕಿಂತ ಹೆಚ್ಚು ಸ್ಪೇನ್‌ನವರು, 1898ರಿಂದ ಅಮೆರಿಕದವರು ಆಳಿದ ದೇಶ ಅದು, 1946ರಲ್ಲಿ ಸ್ವತಂತ್ರ ಆಯ್ತು, ಆದ್ರೆ ಕಾಲೇಜಲ್ಲಿ ಇಂಗ್ಲಿಷ್ ಹಂಗೇ ಕೂತಿತ್ತು. ಅಂಥಾ ಕಡೆ 1969ರಲ್ಲಿ ಈ ಮೇಷ್ಟ್ರು ಟ್ಯಾಗಲಾಗ್ ಮೂಲದ ಫಿಲಿಪಿನೋ ಭಾಷೇಲಿ ಫಿಲಾಸಫಿ ಪಾಠ ಶುರು ಮಾಡಿದ್ರು. ಪ್ಲೇಟೋನ ಫಿಲಿಪಿನೋದಲ್ಲಿ ಹೇಳೋಕೆ ಪದಗಳೆಲ್ಲಿ, ಪುಸ್ತಕ ಎಲ್ಲಿ? ಅವರೇ ಅನುವಾದ ಮಾಡ್ಕೊಂಡು, ಅವರೇ ಬರ್ಕೊಂಡು ಹೋದ್ರು, ಮೆಟಾಫಿಸಿಕ್ಸ್, ಅಂದ್ರೆ ಇರೋದು ಅಂದ್ರೇನು ಅಂತ ಕೇಳೋ ಫಿಲಾಸಫಿ, ಅದರ ಪುಸ್ತಕ 1991ರಲ್ಲಿ ಬಂತು, ಗ್ರೀಕರ ಬಗ್ಗೆ ಇನ್ನೊಂದು ಬಂತು.

ಅವರು ಮಾಡಿದ ಒಂದು ಕೆಲಸ ಹತ್ರದಿಂದ ನೋಡೋಣ. ಇಂಗ್ಲಿಷ್‌ನಲ್ಲಿ ಬೀಯಿಂಗ್ ಅಂತಾರಲ್ಲ, ಇರುವಿಕೆ, ಮೆಟಾಫಿಸಿಕ್ಸ್‌ಗೆಲ್ಲ ತಳಪಾಯ ಅದು, ಅದಕ್ಕೆ ಅವರು ಲ್ಯಾಟಿನ್ ಕಡೆ ಹೋಗಲಿಲ್ಲ, ಸಂತೇಲಿ ಸಿಗೋ "ಮೆರೊನ್" ಅನ್ನೋ ಮಾತನ್ನ ಎತ್ಕೊಂಡ್ರು. ಮೆರೊನ್ ಅಂದ್ರೆ ಇದೆ, ವಲಾ ಅಂದ್ರೆ ಇಲ್ಲ. ಅಂಗಡಿಗೆ ಹೋಗಿ ಉಪ್ಪು ಇದೆಯಾ ಅಂದ್ರೆ ಅಂಗಡಿಯವನು ಮೆರೊನ್ ಅಂತಾನೆ, ಇಲ್ದಿದ್ರೆ ವಲಾ. ಈಗ ಕನ್ನಡ ನೋಡಿ. "ಇದು ಮರ" ಅಂತೀವಿ, ನಡುವೆ ಇಂಗ್ಲಿಷ್‌ನ ಈಸ್ ಥರ ಏನೂ ಬೇಕಾಗಲ್ಲ. "ಮನೇಲಿ ಅಕ್ಕಿ ಇದೆ" ಅಂದಾಗ ಇದೆ ಬೇಕೇ ಬೇಕು. "ನಂಗೆ ಇಬ್ರು ತಂಗಿಯರಿದಾರೆ" ಅನ್ನೋದಕ್ಕೂ ಅದೇ ಇರು ಧಾತು. ಅವರ ಮೆರೊನ್‌ಗೂ ಹಂಗೇ, ವಸ್ತು ಇರೋದಕ್ಕೂ ನಮ್ ಹತ್ರ ಇರೋದಕ್ಕೂ ಒಂದೇ ಮಾತು. ಇಷ್ಟು ಹತ್ರದ ಭಾಷೆ ಸಮುದ್ರದಾಚೆ ಇದೆ, ನಾವು ಮಾತ್ರ ಬೀಯಿಂಗ್ ಅಂತ ಬೋರ್ಡ್ ಮೇಲೆ ಬರೆದು ಕೆಳಗೆ ಗೆರೆ ಎಳೀತೀವಿ.

ಇನ್ನೊಂದು ಮಾತು, "ಮಗ್ಪಕತಾವೊ". ತಾವೊ ಅಂದ್ರೆ ಮನುಷ್ಯ, ಇದು ಪ್ರಯತ್ನಪಟ್ಟು ಮನುಷ್ಯನಾಗೋದು. ಅವರು ಹೊರತಂದ ಫಿಲಾಸಫಿ ಓದುಗಳ ಸಂಕಲನಕ್ಕೆ ಇದೇ ಹೆಸರು.

2021ರ ಆಗಸ್ಟ್ 15ಕ್ಕೆ ತೀರ್ಕೊಂಡ್ರು, 97 ತುಂಬೋಕೆ ಒಂದೇ ದಿನ ಬಾಕಿ ಇತ್ತು.

ಅವರನ್ನ ಓದಿದ ಮೇಲೆ ನಾನೂ ಕ್ಲಾಸಲ್ಲಿ ಧೈರ್ಯ ಮಾಡಿ ಬೀಯಿಂಗ್, ಸತ್ ಎರಡನ್ನೂ ಪಕ್ಕಕ್ಕಿಟ್ಟು ಬರೀ "ಇದೆ", "ಇಲ್ಲ" ಅಂತ ಬೋರ್ಡ್ ಮೇಲೆ ಬರೆದು, ಉಪ್ಪಿನ ಅಂಗಡಿಯಿಂದ ಶುರು ಮಾಡಿದೆ. ವರ್ಷವಿಡೀ ತಲೆ ತಗ್ಗಿಸಿ ನೋಟ್ಸ್ ಬರೀತಿದ್ದ ಹುಡುಗಿ ಒಬ್ಳು ಪೆನ್ ಕೆಳಗಿಟ್ಟು ಕೇಳಿದ್ಲು, "ಸರ್, ಹಂಗಾದ್ರೆ ಇಲ್ಲ ಅನ್ನೋದು ಇದೆಯಾ?" ಎರಡೂವರೆ ಸಾವಿರ ವರ್ಷದ ಹಿಂದೆ ಗ್ರೀಕ್ ಫಿಲಾಸಫರ್ ಪಾರ್ಮೆನಿಡೀಸ್ ತಲೆ ಕೆಡಿಸ್ಕೊಂಡಿದ್ದು ಇದಕ್ಕೇ. ಆ ಹೆಸರನ್ನ ನಾನು ಕ್ಲಾಸಲ್ಲಿ ಇನ್ನೂ ಹೇಳೇ ಇರಲಿಲ್ಲ.